ತಣ್ಣಗಿದ್ದ ಬಾನೆಟ್

"ಡೀಸೆಲ್ ಗಾಡಿ ಈ ಗೇಟು ದಾಟಿ ಒಳಗೆ ಬರಕೂಡದು! ನಾನು ಬದುಕಿರೋವರೆಗೂ ಬರಕೂಡದು!"

ಅತ್ತೆ ಎರಡೂ ಕೈ ಚಾಚಿ ಗೇಟಿಗೆ ಅಡ್ಡ ನಿಂತುಬಿಟ್ಟರು. ಹೊರಗೆ ರಸ್ತೆಯಲ್ಲಿ ಬೂದು ಬಣ್ಣದ ಹಳೆಯ ಪುಟ್ಟ ಕಾರೊಂದು ಗಡಗಡ ಎನ್ನುತ್ತಿತ್ತು. ಸ್ಟೀರಿಂಗ್ ಹಿಡಿದಿದ್ದ ಸೊಸೆ ಎಂಜಿನ್ ಆರಿಸಿದಳು. ಪಕ್ಕದಲ್ಲಿದ್ದ ಗಂಡ ಅಮ್ಮನ ಮುಖವನ್ನೊಮ್ಮೆ, ಹೆಂಡತಿಯ ಮುಖವನ್ನೊಮ್ಮೆ ನೋಡಿ, ಕೊನೆಗೆ ತನ್ನ ಕೈಗಡಿಯಾರ ನೋಡಿಕೊಂಡ. ಗಡಿಯಾರ ರಿಪೇರಿ ಅವನ ಕಸುಬು. ಸಂಕಟ ಬಂದಾಗಲೆಲ್ಲ ಉತ್ತರ ಅಲ್ಲೇ ಇದೆಯೇನೋ ಎಂಬಂತೆ ಮಣಿಕಟ್ಟು ನೋಡಿಕೊಳ್ಳುವುದು ಅವನ ಅಭ್ಯಾಸ.

"ಇನ್ನೂ ತಗೊಂಡಿಲ್ಲಮ್ಮಾ. ಒಂದು ವಾರ ಓಡಿಸಿ ನೋಡಿ ಅಂತ ಕೊಟ್ಟಿದ್ದಾರೆ ಅಷ್ಟೆ. ನೀನು ಬೇಡ ಅಂದ್ರೆ ವಾಪಸ್ ಕೊಟ್ಟುಬಿಡೋಣ."

ನೀನು ಬೇಡ ಅಂದ್ರೆ! ಸೊಸೆ ಸ್ಟೀರಿಂಗಿನಿಂದ ಕೈ ತೆಗೆದಳು. ಅತ್ತೆ ಬೇಡ ಎನ್ನದ ವಸ್ತು ಈ ಮನೆಯಲ್ಲಿ ಯಾವುದಿತ್ತು?

ಸೊಸೆಯ ಕೆಲಸ ಹಲ್ಲು ಮಾಡುವುದು. ಬೊಚ್ಚು ಬಾಯಿಯ ಅಚ್ಚು ನೋಡಿ, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ನಗು ಮರೆತವರಿಗೆ ನಗು ಮರಳಿಸುವ ಕಸುಬು. ಅತ್ತೆಯ ಬಾಯಲ್ಲಿದ್ದ ಸೆಟ್ಟೂ ಅವಳದೇ ಕೈಕೆಲಸ. ಸೊಸೆ ಕೂರಿಸಿಕೊಟ್ಟ ಹಲ್ಲಿನಿಂದಲೇ ಸೊಸೆಯನ್ನು ಕಚ್ಚುವ ಭಾಗ್ಯ ಎಷ್ಟು ಅತ್ತೆಯಂದಿರಿಗುಂಟು! ಈಗ ಆ ಹಲ್ಲಿನ ಕಾರ್ಖಾನೆ ಊರಾಚೆಗೆ, ಬಸ್ಸೇ ಹೋಗದ ಜಾಗಕ್ಕೆ ಹೋಗಿಬಿಟ್ಟಿತ್ತು. ದಿನಾ ಅಷ್ಟು ದೂರ ಬರಲು ಆಗುತ್ತದೋ ಇಲ್ಲವೋ ಎಂದು ವಾರದೊಳಗೆ ಹೇಳಬೇಕು. ಇಲ್ಲವಾದರೆ ಅವಳ ಮೇಜು ಬೇರೆಯವರಿಗೆ.

ಜೊತೆಗೆ ಕೆಲಸ ಮಾಡುವ ಗೆಳತಿಯದೇ ಆ ಕಾರು. ಕಾರ್ಖಾನೆಯ ಪಕ್ಕದಲ್ಲೇ ಮನೆ ಮಾಡಿದ್ದರಿಂದ ಅವಳಿಗೆ ಅದು ಬೇಡವಾಗಿತ್ತು. "ತರಕಾರಿ ತರೋಕೆ ಅಂತಾದ್ರೆ ಇದನ್ನ ತಗೋಬೇಡ ಕಣೆ," ಎಂದು ಗೆಳತಿ ಮುಚ್ಚುಮರೆಯಿಲ್ಲದೆ ಹೇಳಿದ್ದಳು. "ಡೀಸೆಲ್ ಗಾಡಿಗೆ ಗಲ್ಲಿ ಸುತ್ತಾಟ ಆಗಿಬರಲ್ಲ, ಒಳಗೆಲ್ಲ ಮಸಿ ಕಟ್ಕೊಳ್ಳುತ್ತೆ. ದಿನಾ ದೂರ ಓಡಿದ್ರೇನೇ ಅದಕ್ಕೆ ಆರೋಗ್ಯ." ಹಾಗಾಗಿ ಕಾರು ಬೇಕೋ ಬೇಡವೋ ಎಂಬ ಪ್ರಶ್ನೆ ಕಾರಿನದಾಗಿ ಉಳಿದಿರಲಿಲ್ಲ. ಕಾರು ಉಳಿದರೆ ಅವಳ ಕೆಲಸ ಉಳಿಯುತ್ತಿತ್ತು, ಹೋದರೆ ಅದೂ ಹೋಗುತ್ತಿತ್ತು.

ಅತ್ತೆಯ ಹಟಕ್ಕೂ ಹಳೆಯ ಬೇರಿತ್ತು. ತೀರಿಕೊಂಡ ಮಾವ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದರು. ಅದೂ ಡೀಸೆಲ್ಲೇ. ಸದಾ ಎಣ್ಣೆ ತೊಟ್ಟಿಕ್ಕುವ ಮುದಿ ಗಾಡಿ! ಗೇಟಿನ ಒಳಗೆ ಅದು ಬಿಟ್ಟುಹೋದ ಕಪ್ಪು ಕಲೆ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಮಾವ ಸಂಜೆ ಮನೆಗೆ ಬಂದೊಡನೆ ಅತ್ತೆ ಹೊರಗೆ ಬಂದು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದರು. ಬಿಸಿ ಇದ್ದರೆ ಗಂಡ ನೇರ ಮನೆಗೆ ಬಂದಿದ್ದಾನೆ. ತಣ್ಣಗಿದ್ದರೆ ಹತ್ತಿರದಲ್ಲೇ ಎಲ್ಲೋ ಇಳಿದು, ಯಾರದೋ ಮನೆಯಲ್ಲಿ ಕುಳಿತು ಬಂದಿದ್ದಾನೆ! "ಬಾಯಿ ಸುಳ್ಳು ಹೇಳಬಹುದು, ಬಾನೆಟ್ ಹೇಳಲ್ಲ," ಎನ್ನುತ್ತಿದ್ದರು. ವರ್ಷಗಳು ಹೋದಂತೆ ತಣ್ಣನೆಯ ಸಂಜೆಗಳೇ ಹೆಚ್ಚಾದವು. ಅತ್ತೆಯ ಬೈಗುಳವೂ ಹೆಚ್ಚಾಯಿತು. "ನಾನು ಎಲ್ಲೂ ಹೋಗಿರಲಿಲ್ಲ ಕಣೇ," ಎನ್ನುವುದು ಮಾವನ ಒಂದೇ ಉತ್ತರ. ಹಾಸಿಗೆ ಹಿಡಿದ ಕಡೆಯ ದಿನಗಳಲ್ಲೂ ಅವರು ಅದನ್ನೇ ಹೇಳಿದರು... ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು.

ಅಂತೂ ಆ ವಾರ ಕಾರು ಗೇಟಿನ ಹೊರಗೇ ನಿಂತಿತು. ಸೊಸೆ ಹೊತ್ತುಮುಂಚೆ ಹೋಗಿ ಸಂಜೆ ಬರುವಳು. ಅತ್ತೆ ಬೀದಿಗಿಳಿದು, ಯಾರೇನಂದಾರು ಎಂಬ ಎಗ್ಗಿಲ್ಲದೆ, ಬಾನೆಟ್ಟಿನ ಮೇಲೆ ಅಂಗೈ ಇಡುವರು. ಬಿಸಿ. "ಹೂಂ..." ಎಂದು ಒಳಗೆ ಹೋಗುವರು. ಊಟಕ್ಕೆ ಕುಳಿತಾಗ ಮಾತ್ರ ಬಿಡುತ್ತಿರಲಿಲ್ಲ. "ಹಲ್ಲು ಮಾಡೋಕೆ ಕಾರು ಬೇಕಂತೆ. ನಾಳೆ ದವಡೆ ಮಾಡೋಕೆ ವಿಮಾನ ಬೇಕು ಅಂತಾಳೆ, ಕೊಡಿಸು ಕಣೋ!" ಮಗ ತಟ್ಟೆ ನೋಡುತ್ತಿದ್ದ, ಆಮೇಲೆ ಗಡಿಯಾರ ನೋಡುತ್ತಿದ್ದ.

ವಾರದ ಕೊನೆಯ ದಿನ ಬಂತು. ಬೆಳಗಾದರೆ ಕಾರ್ಖಾನೆಗೆ ಉತ್ತರ ಹೇಳಬೇಕು. ಅಂದು ಸೊಸೆ ಬರುವಾಗ ಬೀದಿ ದೀಪಗಳು ಹೊತ್ತಿಕೊಂಡು ಬಹಳ ಹೊತ್ತಾಗಿತ್ತು. ಅತ್ತೆ ಅಂಗೈ ಇಟ್ಟರು. ಇಟ್ಟ ಕೈ ಹಾಗೇ ನಿಂತಿತು.

"ತಣ್ಣಗಿದೆ!"

ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಮಗ ಓಡಿಬಂದ.

"ಎಲ್ಲಿಗೆ ಹೋಗಿದ್ದೆ? ಹೇಳು, ಎಲ್ಲಿಗೆ ಹೋಗಿದ್ದೆ?"

"ನಾನು ಎಲ್ಲೂ ಹೋಗಿರಲಿಲ್ಲ ಅತ್ತೆ..."

"ಅದೇ ಮಾತು!" ಅತ್ತೆಯ ದನಿ ಒಡೆಯಿತು. "ಅದೇ ಮಾತು ಹೇಳ್ತಾ ಹೇಳ್ತಾ ಅವರು ಹೋದ್ರು... ಈಗ ನೀನು ಶುರುಮಾಡಿದ್ಯಾ? ಅಷ್ಟು ದೂರದಿಂದ ಬಂದ ಗಾಡಿ ಹೇಗೆ ತಣ್ಣಗಿರುತ್ತೆ? ನನ್ನ ಕಿವಿಗೆ ಹೂವಿಡ್ಬೇಡ!"

ಸೊಸೆ ಇಷ್ಟು ದಿನ ಹಲ್ಲುಕಚ್ಚಿ ಸಹಿಸಿದ್ದಳು. ಇನ್ನು ಆಗಲಿಲ್ಲ. "ಇಲ್ಲೇ ಇದ್ದೆ ಅತ್ತೆ! ಬೀದಿ ಕೊನೇಲಿ, ನೀರಿನ ಟ್ಯಾಂಕಿನ ಕೆಳಗೆ ಗಾಡಿ ನಿಲ್ಲಿಸ್ಕೊಂಡು ಒಬ್ಬಳೇ ಕೂತಿದ್ದೆ."

"ಯಾಕೆ? ಮನೆ ಇರಲಿಲ್ವಾ?"

"ಮನೆಗೆ ಬರೋಕೆ ಧೈರ್ಯ ಸಾಲಲಿಲ್ಲ..." ಸೊಸೆ ಬಿಕ್ಕಿದಳು. "ಇವತ್ತು ನೀವು ಬೇಡ ಅಂತೀರ, ಇವರು ಆಯ್ತಮ್ಮಾ ಅಂತಾರೆ, ನಾಳೆ ನನ್ನ ಕೆಲಸ ಹೋಗುತ್ತೆ. ಅಳು ನಿಂತ ಮೇಲೆ ಬರೋಣ ಅಂತ ಕೂತೆ. ನಿಲ್ಲಲೇ ಇಲ್ಲ ಅತ್ತೆ... ನಂಬದಿದ್ರೆ ಬಂದು ನೋಡಿ. ಅಲ್ಲಿ ಹಳೇ ಎಣ್ಣೆ ಕಲೆ ಒಂದಿದೆಯಲ್ಲ, ಅದರ ಮೇಲೇ ನಿಲ್ಲಿಸಿದ್ದೆ."

"ಏನು ಕಲೆ?"

"ಕಪ್ಪು ಕಲೆ. ನಮ್ಮ ಗೇಟಿನ ಒಳಗಿದೆಯಲ್ಲ, ಅಂಥದ್ದೇ."

ಅತ್ತೆ ಸೆರಗು ಹೊದ್ದುಕೊಂಡು ಬೀದಿಯ ಕೊನೆಯ ಕಡೆ ನಡೆದೇಬಿಟ್ಟರು. ಅವರ ಸಂತೆಯ ದಾರಿ ಯಾವಾಗಲೂ ಆಚೆ ತುದಿಯದು. ಈ ತುದಿಯ ಟ್ಯಾಂಕಿನ ಬುಡಕ್ಕೆ ಅವರು ಎಂದೂ ಹೋದವರಲ್ಲ. ಸೊಸೆ ಕಾರು ತಿರುಗಿಸಿ ಹಿಂದೆಯೇ ಮೆಲ್ಲಗೆ ಹೋದಳು.

ಟ್ಯಾಂಕಿನ ಕಂಬಗಳ ನಡುವೆ, ಮಳೆ ತಾಗದ ಸಿಮೆಂಟಿನ ಮೇಲೆ ಆ ಕಲೆ ಇತ್ತು. ಅತ್ತೆ ಬಗ್ಗಿ ನೋಡಿದರು. ತೊಟ್ಟು ತೊಟ್ಟಾಗಿ ಬಿದ್ದು, ಒಣಗಿ, ಅದರ ಮೇಲೆ ಮತ್ತೆ ಬಿದ್ದು ದಪ್ಪಗಟ್ಟಿದ ಎಣ್ಣೆ. ಒಂದು ದಿನದ್ದಲ್ಲ, ಒಂದು ವರ್ಷದ್ದೂ ಅಲ್ಲ. ಮನೆಯ ಮುಂದಿನ ಕಲೆಗಿಂತ ಇದೇ ದೊಡ್ಡದಿತ್ತು.

"ಇದು ಅವರ ಗಾಡಿದು..." ಎಂದರು ಅತ್ತೆ.

ಸೊಸೆ ಬಾಗಿಲು ತೆರೆದು, ತೋಳು ಹಿಡಿದು ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿದಳು. ಗಾಜಿನಾಚೆ ನೇರಕ್ಕೆ ಅವರ ಮನೆಯ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ದೀಪ ಉರಿಯುತ್ತಿತ್ತು. ಒಲೆಯ ಮುಂದೆ ಯಾರಾದರೂ ಓಡಾಡಿದರೆ ತಲೆ, ಕೈ, ಎಲ್ಲವೂ ಕಾಣುವಷ್ಟು ಹತ್ತಿರ. ಸಿಟ್ಟು ಇಳಿದಿದೆಯೋ ಇಲ್ಲವೋ ಎಂದು ಒಬ್ಬ ಗಂಡಸು ಇಲ್ಲಿ ಕುಳಿತು ಕಾಯಬಹುದಿತ್ತು. ಕಾದು ಕಾದು ಬಾನೆಟ್ ತಣ್ಣಗಾಗುತ್ತಿತ್ತು. ತಣ್ಣಗಾದದ್ದಕ್ಕೇ ಮನೆಯಲ್ಲಿ ಮತ್ತೆ ಸಿಟ್ಟು ಏರುತ್ತಿತ್ತು.

"ಎಲ್ಲೂ ಹೋಗಿರಲಿಲ್ಲ," ಎಂದರು ಅತ್ತೆ. "ಅಯ್ಯೋ... ಅವರು ಎಲ್ಲೂ ಹೋಗಿರಲಿಲ್ಲ ಕಣೇ!" ಸೊಸೆಯ ಭುಜಕ್ಕೆ ಮುಖವಿಟ್ಟು ಅತ್ತೆ ಅತ್ತರು. ಸೊಸೆ ಅವರ ಬೆನ್ನು ಸವರುತ್ತ ಕುಳಿತಳು. ಅವಳ ಸಿಟ್ಟೆಲ್ಲ ಆ ಗಳಿಗೆಯಲ್ಲಿ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಕಾರು ಮನೆಯ ಮುಂದೆ ಬಂದಾಗ ಮಗ ಗೇಟಿನ ಬಳಿ ಮಣಿಕಟ್ಟು ನೋಡುತ್ತ ನಿಂತಿದ್ದ.

"ಅದೇನು ಗಡಿಯಾರ ನೋಡ್ತಾ ನಿಂತಿದ್ದೀಯೋ? ಗೇಟು ತೆಗಿ. ಗಾಡಿ ಒಳಗೆ ಬರಲಿ."

"ಹಾಗಾದ್ರೆ ತಗೊಳ್ಳೋದಾ ಅಮ್ಮಾ?"

"ತಗೊಳ್ದೆ? ನಾಳೆನೇ ಹೋಗಿ ಹೇಳಿಬರ್ಲಿ. ದಿನಾ ದೂರ ಓಡಿಸ್ಲಿ."

ಕಾರು ಒಳಗೆ ಬಂದು ಹಳೆಯ ಕಲೆಯ ಮೇಲೆ ನಿಂತಿತು. ಅತ್ತೆ ಇಳಿದು, ಅಭ್ಯಾಸದಂತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಅದಿನ್ನೂ ತಣ್ಣಗೇ ಇತ್ತು. ಕೈ ತೆಗೆಯದೆಯೇ ಸೊಸೆಯ ಕಡೆ ತಿರುಗಿದರು.

"ಬೈದ್ರೂ ಸರಿ, ಹೊರಗೆ ಕೂರಬೇಡ. ಒಳಗೆ ಬಂದು ಬೈಸ್ಕೋ... ಬಾ, ಊಟಕ್ಕೆ ಹೊತ್ತಾಯ್ತು."