ಅಮ್ಮ ಮಸೆದ ಗೆರೆಗಳು

ಹೊಳೆನರಸೀಪುರದ ನಾಲೆಯ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ನೀರಿನ ಜಾಗವನ್ನು ಖಾಲಿ ಬಿಟ್ಟಿದ್ದೆ. ನಾನು ಕೂತಿದ್ದ ಮೆಟ್ಟಿಲಿನ ಒರಟುತನ ಮೂಡಲೆಂದು ಹಾಳೆಯನ್ನು ಅದರ ಸಿಮೆಂಟಿನ ಮೇಲಿಟ್ಟು ಪೆನ್ಸಿಲ್ ಉಜ್ಜಿದೆ. ಮಧ್ಯಾಹ್ನದ ಬಿಸಿಲಲ್ಲೂ ಸಿಮೆಂಟು ತಣ್ಣಗಿತ್ತು. ಹಾಳೆಯಲ್ಲಿ ಮೂರು ಓರೆ ಗೆರೆಗಳು ಮೂಡಿದವು; ಸಿಮೆಂಟಿನ ಮೇಲೆ ಅಂಥ ಗೆರೆಗಳೇ ಇರಲಿಲ್ಲ. ಅಮ್ಮ ಇದ್ದಾಗ ಇಲ್ಲೊಂದು ಒಗೆಯುವ ಕಲ್ಲಿತ್ತು. ಬಟ್ಟೆ ಒಗೆದಾದ ಮೇಲೆ ಅವಳು ಅದಕ್ಕೇ ಕುಡುಗೋಲು ಮಸೆಯುತ್ತಿದ್ದಳು. ಹಾಗೆ ಬಿದ್ದ ಮೂರು ಓರೆ ಗೆರೆಗಳಲ್ಲಿ ನಾನು ಬೆರಳಾಡಿಸುತ್ತಾ ಕೂರುತ್ತಿದ್ದೆ.

"ಆ ಕಲ್ಲು ಸಿಮೆಂಟ್ ಕೆಳ್ಗೇ ಇರ್ಬೇಕು," ಎಂದೆ, ಪಕ್ಕದಲ್ಲಿದ್ದ ಗೆಳೆಯ ರುದ್ರೇಶನಿಗೆ.

"ಇಲ್ಲ ಕಣ್ಲಾ. ಸಿಮೆಂಟ್ ಆಕೋವಾಗ ನಾನೇ ಎತ್ಕಂಡೋದೆ. ನಮ್ಮ ಇತ್ಲಲ್ಲಿ ಅದೆ, ಬಾ."

ಹಿತ್ತಲಿನಲ್ಲಿ ಕಲ್ಲು ಇತ್ತು. ರುದ್ರೇಶ ಅದರ ಮೇಲೆ ಅಂಗೈ ಸವರಿದ, ಮತ್ತೆ ಸವರಿದ.

"ಇವತ್ ಬೆಳಿಗ್ಗೆ ಬಟ್ಟೆ ಒಗೆಯೋವಾಗ ಗೆರೆ ಇದ್ವು ಕಣ್ಲಾ," ಎಂದ ಮೆಲ್ಲಗೆ.

ನಾನೂ ಸವರಿದೆ. ನುಣ್ಣಗಿತ್ತು.