ಯಾವ ದೇಶದವರು ಅಂತ ಬರೆಯಲಿ?

"ನನ್ನ ಅಮ್ಮನನ್ನ ಬರ್ಮಾದವಳನ್ನಾಗಿ ಮಾಡಿದ ಮಹಾನುಭಾವರು ನೀವೇ ಅಲ್ವಾ?"

ಕೆಲಸಕ್ಕೆ ಸೇರಿದ ಮೊದಲ ದಿನ, ಚೀಲ ಕೆಳಗಿಡುವ ಮೊದಲೇ ನೀರಜಾ ಕೇಳಿದ್ದು ಇದನ್ನು!

ಮೇಜಿನ ಆಚೆ ಕೂತಿದ್ದ ಮುರಳೀಧರ ತಲೆಯೆತ್ತಿದ. "ನೀವು... ಜಾನಕಮ್ಮನವರ ಮಗಳಾ?"

"ಪರವಾಗಿಲ್ಲವೇ! ಹೆಸರಾದರೂ ನೆನಪಿದೆ."

ಅವನು ಎದ್ದು ಅವಳಿಗೊಂದು ಕುರ್ಚಿ ಎಳೆದುಕೊಟ್ಟ, ಅಷ್ಟೇ. ತಪ್ಪು ಮಾಡಿದವನಿಗೆ ಮಾತು ಎಲ್ಲಿಂದ ಬರಬೇಕು ಎಂದುಕೊಂಡಳು ನೀರಜಾ. ಆ ಕುರ್ಚಿ ಬಿಟ್ಟು ಬೇರೊಂದರಲ್ಲಿ ಕೂತಳು!

ಅದು ಮದರಾಸಿನ ಮೈಲಾಪುರದಲ್ಲಿದ್ದ ಲೇಖಕರ ಕೋಶದ ಕಚೇರಿ. ಕನ್ನಡದ ಪ್ರತಿ ಲೇಖಕರ ಹುಟ್ಟು, ದೇಶ, ಪುಸ್ತಕಗಳನ್ನು ನಾಲ್ಕು ಸಾಲಿನಲ್ಲಿ ಹೇಳುವ ದಪ್ಪ ಪುಸ್ತಕ ಈ ಕೋಶ. ೧೯೫೫ರ ಮೊದಲ ಮುದ್ರಣದಲ್ಲಿ ಮುರಳೀಧರ ಬರೆದಿದ್ದ: "ಜಾನಕಮ್ಮ: ಬರ್ಮಾ ದೇಶದ ಕನ್ನಡ ಲೇಖಕಿ."

ಉಡುಪಿಯಲ್ಲಿ ಹುಟ್ಟಿ, ಮದುವೆಯಾಗಿ ರಂಗೂನಿಗೆ ಹೋಗಿ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು, ಕೂಸನ್ನು ಎತ್ತಿಕೊಂಡು ವೆಸ್ಟ್ ಮಾಂಬಲಂ ಸೇರಿದ ಹೆಂಗಸು ಅವರು! ಕೋಶ ಬಂದ ವರ್ಷ ಅವರ ಕಾದಂಬರಿಗೆ ದೊಡ್ಡ ಬಹುಮಾನವೊಂದು ಬರುವುದರಲ್ಲಿತ್ತು. ಭಾರತದ ಲೇಖಕರಿಗೆ ಮಾತ್ರ ಎಂಬ ನಿಯಮವಿತ್ತು. ತೀರ್ಪುಗಾರರು ಕೋಶ ತೆರೆದು ನೋಡಿದರು, ಹೆಸರು ಹೊಡೆದುಹಾಕಿದರು. ಅಮ್ಮ ಅಂದಿನಿಂದ ಪೆನ್ನು ಮುಟ್ಟಿರಲಿಲ್ಲ.

ಈಗ ೧೯೬೧. ಹೊಸ ಮುದ್ರಣ ಸಿದ್ಧವಾಗುತ್ತಿತ್ತು. ನೀರಜಾ ಈ ಕೆಲಸಕ್ಕೆ ಸೇರಿದ್ದೇ ಸೇಡು ತೀರಿಸಿಕೊಳ್ಳಲು.

ದಿನಾ ಮಧ್ಯಾಹ್ನ ಕಾಫಿ ಬಂದರೆ ಅವನು ಮೊದಲ ಲೋಟವನ್ನು ಅವಳತ್ತ ಸರಿಸುತ್ತಿದ್ದ. ಅವಳು ವಾಪಸ್ ತಳ್ಳುತ್ತಿದ್ದಳು. ಬಯ್ಯಲೆಂದೇ ಅವನ ಕತೆಗಳನ್ನು ಓದಿದಳು. ಒಂದನ್ನು ಓದಿ ಅತ್ತೇಬಿಟ್ಟಳು. ಅದಕ್ಕೂ ಅವನ ಮೇಲೇ ಸಿಟ್ಟು!

ಕೊನೆಗೆ ದೇವರು ಕಣ್ಣು ಬಿಟ್ಟ.

"ಮುರಳಿ ಈಗ ಹೆಸರಾದ ಕತೆಗಾರ. ತನ್ನ ಬಗ್ಗೆ ತಾನೇ ಬರೆದುಕೊಳ್ಳೋ ಹಾಗಿಲ್ಲ. ನೀವು ಬರೀರಿ ನೀರಜಾ," ಎಂದರು ಸಂಪಾದಕ ವಿಷ್ಣುಮೂರ್ತಿ. "ಇಲ್ಲಿಯ ಪದ್ಧತಿ ಗೊತ್ತಲ್ಲ? ದೇಶ ಬಿಟ್ಟು ಬಂದವರನ್ನ, ಹೋದವರನ್ನ ಎದುರು ಕೂತು ಕೇಳಬೇಕು. ಅವರು ಯಾವ ದೇಶ ಹೇಳ್ತಾರೋ ಅದೇ ಅಚ್ಚಾಗಬೇಕು."

ಅಮ್ಮನ ಸರದಿ ಬಂದಾಗ ಎಲ್ಲಿ ಹೋಗಿತ್ತು ಈ ಪದ್ಧತಿ? ಒಳಗೊಳಗೇ ಕುದಿಯುತ್ತಾ, "ಆಗಲಿ ಸಾರ್," ಎಂದಳು.

ಮುರಳೀಧರ ಹುಟ್ಟಿದ್ದು ಕೊಲಂಬೊದಲ್ಲಿ, ಉಡುಪಿ ಹೋಟೆಲಿನ ಅಡುಗೆಯವರ ಮಗನಾಗಿ. ಈಗ ಮದರಾಸಿನ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರ ಕೆಲಸ ಅವನಿಗೆ ಸಿಗುವುದರಲ್ಲಿತ್ತು. ಕೋಶದಲ್ಲಿ ಪರದೇಶದವನು ಎಂದಾದರೆ ಆ ಕೆಲಸದ ಆಸೆ ಬಿಟ್ಟಂತೆಯೇ.

ನೀರಜಾ ಅವನನ್ನು ಏನೂ ಕೇಳಲಿಲ್ಲ. ಬರೆದಳು: "ಮುರಳೀಧರ: ಸಿಂಹಳ ದೇಶದ ಕನ್ನಡ ಕತೆಗಾರ."

ಅನುಭವಿಸಲಿ!

ಅಚ್ಚಿಗೆ ಹೋಗುವ ಮುಂಚೆ ಕರಡನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನೋಡಿಕೊಳ್ಳಬೇಕು. ಅಂದು ಓದುವ ಸರದಿ ಅವನದು.

"ಮುರಳೀಧರ," ಎಂದು ಓದಿದ. "ಸಿಂಹಳ ದೇಶದ..."

ನೀರಜಾ ಅವನ ಮುಖವನ್ನೇ ನೋಡುತ್ತಿದ್ದಳು. ಈ ಕ್ಷಣಕ್ಕಾಗಿ ವರ್ಷಗಟ್ಟಲೆ ಹಲ್ಲು ಕಚ್ಚಿ ಕಾದಿದ್ದಳು!

"...ಕನ್ನಡ ಕತೆಗಾರ." ಅಷ್ಟು ಓದಿ ಅವನು ಪುಟ ತಿರುಗಿಸಿದ.

"ತಿದ್ದೋದಿಲ್ವಾ?"

"ನೀವು ಬರೆದದ್ದು. ನಾನು ತಿದ್ದುವ ಹಾಗಿಲ್ಲ."

"ಕೆಲಸ ಹೋಗುತ್ತೆ!"

"ಗೊತ್ತು." ಅವನು ಮೆಲ್ಲಗೆ ಕೇಳಿದ, "ಅಮ್ಮ ಈಗ ಏನಾದ್ರೂ ಬರೀತಾರಾ?"

"ಕೇಳೋಕೆ ನಾಚಿಕೆ ಆಗಲ್ವಾ ನಿಮಗೆ?"

ಕರಡು ಪ್ರೆಸ್ಸಿಗೆ ಹೋಯಿತು. ಅವಳು ಗೆದ್ದಿದ್ದಳು. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಅವನ ಆ "ಗೊತ್ತು" ಎಂಬ ಮಾತೇ ಕಿವಿಯಲ್ಲಿತ್ತು. ಅವನು ಒಂದು ಸಲ ಕೂಗಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು...

ಮನೆಯಲ್ಲಿ ಜಾನಕಮ್ಮ ದೋಸೆಗೆ ರುಬ್ಬುತ್ತಿದ್ದರು.

"ಅಪ್ಪಾಡಾ! ತೀರಿಸ್ಕೊಂಡೆ ಅಮ್ಮಾ! ಆ ಮುರಳೀಧರನ್ನ ಸಿಂಹಳದವನು ಅಂತ ಬರೆದೆ. ಇನ್ನು ಅವನಿಗೆ ಆ ಕಾಲೇಜಿನ ಕೆಲಸ ಸಿಕ್ಕ ಹಾಗೇ!"

ಜಾನಕಮ್ಮ ರುಬ್ಬುವುದನ್ನು ಬಿಟ್ಟು ಎದ್ದರು.

"ಎಂತ ಮಾಡಿದೆ ಮಾರಾಯ್ತಿ! ಅವರು ನನ್ನ ಎದುರು ಕೂತು ಕೇಳಿದ್ರು. ಬರ್ಮಾ ಅಂತಲೇ ಬರೀರಿ ಅಂತ ಹೇಳಿದ್ದು ನಾನು!"

"ನೀನಾ?!"

"ನಿನ್ನ ಅಪ್ಪನನ್ನು ಸುಟ್ಟದ್ದು ಅಲ್ಲಿ. ನಾನು ಬರೆದದ್ದೆಲ್ಲ ಅಲ್ಲಿಯ ಕತೆ. ಆ ಊರಿನವಳಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಬಹುಮಾನ ತಪ್ಪಿ ಹೋಗ್ತದೆ, ಯೋಚನೆ ಮಾಡಿ ಅಂತ ಅವರು ಬಡ್ಕೊಂಡ್ರು. ನಾನೇ ಹಠ ಹಿಡಿದೆ." ಜಾನಕಮ್ಮ ಸೆರಗು ಬಾಯಿಗೊತ್ತಿಕೊಂಡರು. "ಆಮೇಲೆ ನೀನು ಅಷ್ಟು ಅಳುವಾಗ, ನಾನೇ ಮಾಡಿದ್ದು ಅಂತ ಹೇಳ್ಲಿಕ್ಕೆ ಹೆದರಿದೆ ಮಗಾ. ಮಗಳಿಗೆ ಹೇಳಬೇಡಿ ಅಂತ ಅವರಿಂದ ಭಾಷೆ ತಗೊಂಡೆ. ನಿನ್ನ ಎದುರು ಕೂತು ಬರೀಲಿಕ್ಕೂ ಮತ್ತೆ ಮನಸ್ಸು ಬರಲಿಲ್ಲ."

ಅಯ್ಯೋ... ಆ ಕುರ್ಚಿ, ಆ ಕಾಫಿ, ಆ ಮೌನ! ನೀರಜಾ ಚಪ್ಪಲಿ ಸರಿಯಾಗಿ ಮೆಟ್ಟದೆ ಪ್ರೆಸ್ಸಿಗೆ ಓಡಿದಳು.

"ನಿಲ್ಲಿಸಿ! ಆ ಪುಟ ಅಚ್ಚು ಹಾಕಬೇಡಿ!"

"ಎನ್ನಮ್ಮಾ?" ಎಂದು ಪ್ರೆಸ್ಸಿನವನು ಬೆಚ್ಚಿ ಯಂತ್ರ ನಿಲ್ಲಿಸಿದ. ಬೇರೆ ಪುಟಗಳನ್ನು ನೋಡುತ್ತಾ ಅಲ್ಲೇ ಇದ್ದ ಮುರಳೀಧರ ಎದ್ದು ನಿಂತ.

"ಅಮ್ಮ ಎಲ್ಲಾ ಹೇಳಿದ್ಳು. ಇಷ್ಟು ದಿನ ಬೈದೆನಲ್ಲ, ಒಂದು ಮಾತು ಆಡಬಾರದಿತ್ತಾ ನೀವು?" ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಅಮ್ಮನಿಗೆ ಮಾತು ಕೊಟ್ಟಿದ್ದೆ. ಮತ್ತೆ... ನೀವು ಅವರ ಮೇಲೆ ಸಿಟ್ಟಾಗುವುದಕ್ಕಿಂತ ನನ್ನ ಮೇಲೆ ಆಗುವುದೇ ಒಳ್ಳೇದು ಅನ್ನಿಸ್ತು."

"ಈ ಕರಡಲ್ಲಿ ಅಮ್ಮನ ಸಾಲನ್ನೂ ನಾನು ಭಾರತ ಅಂತ ತಿದ್ದಿದ್ದೆ. ಅದೂ ಮೊದಲಿನ ಹಾಗೇ ಆಗಬೇಕು." ಅವಳು ಕಣ್ಣೊರೆಸಿಕೊಂಡು, ಸ್ಟೂಲು ಎಳೆದು ಅವನ ಎದುರು ಕೂತಳು. "ಈಗ ನಿಮ್ಮದು. ಪದ್ಧತಿ ಪ್ರಕಾರ ಕೇಳ್ತಿದ್ದೀನಿ. ಯಾವ ದೇಶದವರು ಅಂತ ಬರೆಯಲಿ?"

"ಭಾರತ. ಹುಟ್ಟಿದ್ದು ಕೊಲಂಬೊ ಅಂತಲೂ ಇರಲಿ. ಅಪ್ಪ ಅಲ್ಲೇ ಒಲೆ ಮುಂದೆ ಸವೆದವರು."

ಬರೆದಳು. "ವಾಸ?"

"ತಿರುವಲ್ಲಿಕ್ಕೇಣಿಯಲ್ಲಿ ಬಾಡಿಗೆ ಕೋಣೆ..." ಅವನು ತಡೆದು, ಅವಳ ಮುಖ ನೋಡಿದ. "ನಿಮ್ಮ ವೆಸ್ಟ್ ಮಾಂಬಲಂ ಮನೆ ಅಂತ ಬರೀಲಿಕ್ಕೆ ಆಗ್ತದಾ ನೀರಜಾ? ಅಮ್ಮನನ್ನು ನಾನೇ ಎದುರು ಕೂತು ಕೇಳ್ತೇನೆ."

ಅವಳು ಬಗ್ಗಿ, "ವೆಸ್ಟ್ ಮಾಂಬಲಂ" ಎಂದು ದಪ್ಪ ಅಕ್ಷರದಲ್ಲಿ ಬರೆದು ಅವನತ್ತ ತಿರುಗಿಸಿದಳು.

"ನೋಡಿ, ಬರೆದುಬಿಟ್ಟೆ. ಇನ್ನು ನೀವು ತಿದ್ದೋ ಹಾಗಿಲ್ಲ!"