ಬಿಗಿಯದೆ ಉಳಿದ ಬೋಲ್ಟ್

"ಭಾವನ ಕಾಲು ತೂಬಿನ ಹಲಗೆಲಿ ಸಿಕ್ಕಿಹಾಕ್ಕೊಂಡಿದೆ. ನೀರಲ್ಲಿದಾರೆ. ಫೋನ್ ಕಟ್ಟಾಯ್ತು. ಕತ್ತಲಾಗೋದ್ರೊಳಗೆ ತಲುಪಬೇಕು, ಅಷ್ಟೇ," ಎನ್ನುತ್ತಾ ವಿನಾಯಕ್ ತನ್ನ ಹಳೇ ಜೀಪಿಗೆ ಹಗ್ಗ, ಜಾಕ್, ಕಂಬಳಿ ಎಸೆದ.

ಅವನ ಅಕ್ಕ ಅಮಿತಾ ಆಗಲೇ ಒಳಗೆ ಕೂತಿದ್ದಳು. ಅವಳ ಗಂಡ ಓಂಕಾರ್‌ಗೆ ಹಕ್ಕಿಗಳ ದನಿ ರೆಕಾರ್ಡ್ ಮಾಡುವ ಹುಚ್ಚು. ಭಾನುವಾರ ಬೆಳಿಗ್ಗೆ ಹಂಸಗಳ ಕೂಗು ಹಿಡಿಯಲು ನ್ಯೂಜೆರ್ಸಿಯ ಪೈನ್ ಬ್ಯಾರೆನ್ಸ್ ಕಾಡಿಗೆ ಒಬ್ಬನೇ ಹೋದವನು ಮಧ್ಯಾಹ್ನ ಫೋನಿನಲ್ಲಿ ನಾಲ್ಕು ಮಾತಾಡಿ ಸುಮ್ಮನಾದ. ಜಾಗ ಯಾವುದೆಂದರೆ, ಕೆಂಪು ಹುಳಿಹಣ್ಣು ಬೆಳೆಯುವ ಕ್ರ್ಯಾನ್‌ಬೆರಿ ಗದ್ದೆ ಎಂದಷ್ಟೇ ಕೇಳಿಸಿತ್ತು. ಅಮಿತಾ ಕೂಡಲೇ ತುರ್ತು ಸಹಾಯದ ೯೧೧ಕ್ಕೆ ಹೇಳಿದಳು. ಆದರೆ ಪಾಳುಬಿದ್ದ ಗದ್ದೆಗಳು ಆ ಕಾಡಿನ ತುಂಬ ಇವೆ. ಹುಡುಕುವವರು ಹೊಳೆಯ ಆಚೆ ದಡದಿಂದ ಶುರುಮಾಡಿದ್ದರು. ಭಾವನ ಜೊತೆ ಒಮ್ಮೆ ಹೋಗಿದ್ದ ವಿನಾಯಕನಿಗೆ ಮಾತ್ರ ಯಾವ ಗದ್ದೆ ಇರಬಹುದೆಂಬ ಅಂದಾಜಿತ್ತು, ಆದರೆ ಆ ದಾರಿ ಫೋನಿನಲ್ಲಿ ಹೇಳಿ ತಿಳಿಸುವಂಥದ್ದಲ್ಲ.

ಮೂರನೆಯವರು ಅಣ್ಣಪ್ಪ ಅಂಕಲ್. ಉಡುಪಿ ಕಡೆಯವರು, ಬ್ರಿಡ್ಜ್‌ವಾಟರ್‌ನಲ್ಲಿ ಹೋಟೆಲ್. ದೋಸೆ ಬಿಟ್ಟರೆ ಅವರಿಗೆ ಗಾಡಿ ರಿಪೇರಿಯೇ ಪ್ರಾಣ. ಹಿಂದಿನ ದಿನವಷ್ಟೇ ಅವರೂ ವಿನಾಯಕನೂ ಸೇರಿ ಜೀಪಿನ ಸವೆದ ಬುಷ್‌ಗಳನ್ನು ಕಿತ್ತು ಹೊಸವನ್ನು ಕೂರಿಸಿದ್ದರು. ಆಕ್ಸಲ್ಲನ್ನು ಗಾಡಿಗೆ ಹಿಡಿದಿಡುವ ತೋಳುಗಳ ತುದಿಯಲ್ಲಿ ಕೂರುವ ರಬ್ಬರ್ ಬುಷ್‌ಗಳು ಅವು.

ಪೈನ್ ಬ್ಯಾರೆನ್ಸ್‌ನಲ್ಲಿ ಕಣ್ಣು ಹಾಯಿಸಿದಷ್ಟೂ ಕುಳ್ಳ ಪೈನ್ ಮರಗಳು, ನಡುವೆ ಸಕ್ಕರೆಯಂಥ ಬಿಳಿ ಮರಳಿನ ದಾರಿ, ಚಹಾ ಬಣ್ಣದ ಹಳ್ಳ. ಒಂದು ತಿರುವಿಗೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲ. ನ್ಯೂಜೆರ್ಸಿಯಲ್ಲಿ ಬರೀ ಟೋಲು, ಟ್ರಾಫಿಕ್ಕು ಎಂದು ಗೊಣಗುವವರು ಒಮ್ಮೆ ಇಲ್ಲಿ ದಾರಿ ತಪ್ಪಬೇಕು, ಆಗ ಟೋಲಿನವನೂ ನೆಂಟನಂತೆ ಕಾಣುತ್ತಾನೆ. ನವೆಂಬರಿನ ಬಿಸಿಲು ಇದ್ದೂ ಇಲ್ಲದಂತಿತ್ತು.

ಮುಂದಿನ ಚಕ್ರದ ಹತ್ತಿರ ಟಕ್, ಟಕ್ ಎಂದು ಸದ್ದು.

"ಏನದು?" ಎಂದಳು ಅಮಿತಾ.

"ಹೊಸ ಬುಷ್ ಅಲ್ವಾ, ಕೂತ್ಕೊಳ್ಳೋವರೆಗೆ ಹಾಗೇ," ಎಂದರು ಅಣ್ಣಪ್ಪ.

ಮರುಕ್ಷಣ ಢಮ್!

ಜೀಪು ಎಡಕ್ಕೆ ಎಳೆಯಿತು. ಚಕ್ರ ಹಿಂದಕ್ಕೆ ಸರಿದು ತಗಡಿಗೆ ಉಜ್ಜಿತು. ವಿನಾಯಕ್ ಬ್ರೇಕ್ ತುಳಿದು ಕೆಳಗೆ ನುಸುಳಿ ನೋಡಿದ. ಎಡಗಡೆಯ ಕೆಳತೋಳು ಜೋತಾಡುತ್ತಿತ್ತು. ಬೋಲ್ಟೇ ಇರಲಿಲ್ಲ.

"ಅಂಕಲ್... ಕೊನೇ ಬಿಗಿ ನೀವು ಮಾಡಿದ್ರಾ?"

"ನೀನು ಮಾಡ್ಲಿಲ್ವಾ ಮಾರಾಯ?"

ಇಬ್ಬರೂ ಮಾಡಿರಲಿಲ್ಲ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಬುಷ್ ಬೋಲ್ಟುಗಳಿಗೆ ಕೊನೆಯ ಬಿಗಿ ಕೊಡಬೇಕು, ಇಲ್ಲದಿದ್ದರೆ ರಬ್ಬರ್ ತಿರುಚಿ ಹರಿಯುತ್ತದೆ. ಅದಕ್ಕೆಂದೇ ಶನಿವಾರ ಬೆಳಿಗ್ಗೆ ಜೀಪನ್ನು ಜಾಕಿನಿಂದ ಇಳಿಸಿದ್ದರು. ಅಷ್ಟರಲ್ಲಿ ಅಮಿತಾ ನಿಂಬೆಹಣ್ಣು ಹಿಡಿದು ಗ್ಯಾರೇಜಿಗೆ ಬಂದಿದ್ದಳು. ಒಂಬತ್ತಕ್ಕೆ ರಾಹುಕಾಲ, ಅದಕ್ಕೆ ಮುಂಚೆ ಗಾಡಿಪೂಜೆ ಆಗಲೇಬೇಕು ಎಂದು ಹಟ ಹಿಡಿದಿದ್ದಳು. ಬಂದ ಮೇಲೆ ಬಿಗಿ ಮಾಡಿದರಾಯಿತು ಎಂದು ದೇವಸ್ಥಾನಕ್ಕೆ ಹೊರಟರು. ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾಯಿತು, ದೇವಸ್ಥಾನದ ಪುಳಿಯೋಗರೆ ಹೊಟ್ಟೆ ಸೇರಿತು, ಬೋಲ್ಟು ಮರೆತೇಹೋಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅಮಿತಾ ಮರಳಿನ ಮೇಲೆ ಕುಸಿದಳು. "ನಾನೇ ಕೊಂದೆ ಕಣೋ ಅವರನ್ನ. ನನ್ನ ಆತುರ ಕೊಲ್ತು."

ಫೋನಿಗೆ ಸಿಗ್ನಲ್ ಇಲ್ಲ. ಬಂದ ದಾರಿಯಲ್ಲಿ ಮೂವರೂ ಬಗ್ಗಿ ಬೋಲ್ಟು ಹುಡುಕಿದರು. ಮರಳು ನುಂಗಿದ್ದನ್ನು ಕೊಡಲಿಲ್ಲ. ನಡೆದೇ ಹೋದರೂ ಕಾಲು ಊರಲಾಗದವನನ್ನು ಹೊತ್ತು ತರುವುದು ಹೇಗೆ?

ಅಣ್ಣಪ್ಪ ಜೀಪಿನ ಹಿಂಬದಿಗೆ ಹೋದರು. ಟ್ರೈಲರ್ ಕೊಂಡಿಯ ಉಕ್ಕಿನ ಪಿನ್ ಕಿತ್ತು ತಂದರು. "ಬೋಲ್ಟಿಗಿಂತ ಸ್ವಲ್ಪ ಸಪೂರ ಉಂಟು. ನೋಡುವ."

ಹಿಂದೆ ಸರಿದ ಆಕ್ಸಲ್ಲನ್ನು ಮುಂದಕ್ಕೆಳೆದು ಬೋಲ್ಟಿನ ತೂತು ಕೂಡಿಸಲು, ಅದಕ್ಕೆ ಹಗ್ಗ ಬಿಗಿದು ಮುಂದಿನ ಮರಕ್ಕೆ ಕಟ್ಟಿದರು. ವಿನಾಯಕ್ ಜೀಪಿನಡಿ ಮಲಗಿದ.

"ಅಕ್ಕಾ, ರಿವರ್ಸ್! ಮೆಲ್ಲಗೆ!"

ಜೀಪು ನರಳಿತು. ಹಗ್ಗ ಬಿಗಿಯಿತು.

"ಇನ್ನೊಂಚೂರು... ನಿಲ್ಸು! ನಿಲ್ಸು!"

ಅಮಿತಾ ಎರಡೂ ಕಾಲಲ್ಲಿ ಬ್ರೇಕ್ ಅದುಮಿ ಹಿಡಿದಳು. ಜಾರಿದರೆ ತಮ್ಮನೂ ಹೋದಂತೆ. ಅಣ್ಣಪ್ಪ ಸುತ್ತಿಗೆ ಬೀಸಿದರು. ಒಮ್ಮೆ ತಪ್ಪಿತು. ಮತ್ತೆ ಬೀಸಿದರು. ಪಿನ್ ಒಳಗೆ ಹೋಯಿತು.

ನಡಿಗೆಯ ವೇಗದಲ್ಲಿ ಹೊರಟರು. ಗದ್ದೆಯ ಒಡ್ಡು ಸಿಕ್ಕಾಗ ಹೆಡ್‌ಲೈಟ್ ಹಾಕಬೇಕಾಯಿತು. ಮುರಿದ ತೂಬಿನಲ್ಲಿ ಸೊಂಟದವರೆಗೆ ನೀರು, ಅದರಲ್ಲಿ ಓಂಕಾರ್ ತಲೆ ವಾಲಿಸಿಕೊಂಡಿದ್ದ. ತುಟಿ ನೀಲಿಗಟ್ಟಿತ್ತು. ಅಮಿತಾ ಕೂಗಿದಳು. ಉತ್ತರವಿಲ್ಲ. ಅವಳು ನೀರಿಗೆ ಧುಮುಕಿ ಅವನನ್ನು ಎತ್ತಿ ಹಿಡಿದಳು. ವಿನಾಯಕ್ ಜಾಕ್ ಕೊಟ್ಟು ಹಲಗೆ ಅಗಲಿಸಿದ. ಕಾಲು ಬಿಡಿಸಿಕೊಂಡಾಗ ಓಂಕಾರನ ಬಾಯಿಂದ ಸಣ್ಣ ನರಳಾಟ ಬಂತು. ಅದನ್ನು ಕೇಳಿ ಅಮಿತಾ ಗೊಳೋ ಎಂದು ಅತ್ತಳು.

ವಾಪಸು ದಾರಿಯಲ್ಲಿ ಪಿನ್ ಕಿರುಗುಟ್ಟಿದಾಗಲೆಲ್ಲ ಮೂವರೂ ಉಸಿರು ಹಿಡಿದರು. ಕಿರುಗುಟ್ಟುತ್ತಲೇ ಅದು ಡಾಂಬರು ರಸ್ತೆ ಮುಟ್ಟಿಸಿತು. ಅಲ್ಲಿ ಸಿಗ್ನಲ್ ಸಿಕ್ಕಿತು, ಆಂಬುಲೆನ್ಸ್ ಬಂತು.

ಜೀವಕ್ಕೆ ಅಪಾಯವಿಲ್ಲ, ಪಾದ ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು.

ಸೋಮವಾರ ಬೆಳಿಗ್ಗೆ ವಿನಾಯಕ್ ಹೊಸ ಬೋಲ್ಟು ತಂದು ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲೇ ಕೂರಿಸಿದ. ಅಮಿತಾ ಬಂದು ಕೈಚಾಚಿದಳು.

ಅಣ್ಣಪ್ಪ ಗಡಿಯಾರ ನೋಡಿಕೊಂಡರು. "ಏಳೂವರೆ ಆಯ್ತು ಮಾರಾಯ್ತಿ. ರಾಹುಕಾಲ. ಸ್ವಲ್ಪ ತಡಿ."

"ಇರಲಿ ಅಂಕಲ್. ವ್ರೆಂಚ್ ಕೊಡಿ."

ಅವಳು ಜೀಪಿನಡಿ ನುಸುಳಿದಳು. ಆ ಬೋಲ್ಟು ಬಿಗಿದು, ಉಳಿದವನ್ನೂ ಒಂದೊಂದಾಗಿ ಬಿಗಿದಳು.